ಜೋರು ಬೇರೆ, ಏರು ಬೇರೆ

ದಾವಣಗೆರೆ
೧೨ ಜುಲೈ ೧೯೬೪

ಪ್ರಿಯ ಹಜೀರಾ,

ಹರಿಹರ ಬಿಟ್ಟು ಬಂದ ಮೇಲೆ ನಿನಗೆ ಬರೆದದ್ದೇ ಕಡಿಮೆ. ರೈಲು ಹತ್ತಿ ಒಂದು ಪೊಟ್ಟಣ ಕಡಲೆಕಾಯಿ ಮುಗಿಸುವುದರೊಳಗೆ ನಿಮ್ಮೂರು ಬರುತ್ತದೆ, ಆದರೂ ನಾನು ಬಂದಿಲ್ಲ. ಬೈಯುವುದಿದ್ದರೆ ಎದುರಿಗೇ ಬೈದುಬಿಡು. ಅದಕ್ಕಾಗಿಯಾದರೂ ನೀನು ಇಲ್ಲಿಗೆ ಬರಬೇಕು ಎಂದು ಈ ಕಾಗದ.

ನಾನು ಇಲ್ಲಿ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತು. ಹುಡುಗರಿಗೆ ಪ್ರಯೋಗ ತೋರಿಸಿ ಉಳಿದ ಹೊತ್ತಿನಲ್ಲಿ ಮಾಲತೇಶಪ್ಪ ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಮನುಷ್ಯರ ಮಾತು. ಮಾತನ್ನು ಮೈಕಿನಲ್ಲಿ ಹಿಡಿದು ಗಾಜಿನ ಪರದೆಯ ಮೇಲೆ ಹರಿಸಿದರೆ ಅದು ಹಸಿರು ಗೆರೆಯಾಗಿ ಕುಣಿಯುತ್ತದೆ. ಆ ಕುಣಿತದಿಂದ ನಾನು ಎರಡು ಗೆರೆಗಳನ್ನು ಬಿಡಿಸಿ ತೆಗೆಯಬೇಕು. ಒಂದು, ದನಿ ಆಯಾ ಗಳಿಗೆಯಲ್ಲಿ ಎಷ್ಟು ಜೋರಾಗಿದೆ ಎಂಬುದು. ಅಲೆಗಳ ತಲೆ ಮುಟ್ಟಿಕೊಂಡು ಹೋಗುವ ಹೊದಿಕೆಯಂಥ ಗೆರೆ. ಇನ್ನೊಂದು, ಅದೇ ಗಳಿಗೆಯಲ್ಲಿ ದನಿ ಎಷ್ಟು ವೇಗವಾಗಿ ಕಂಪಿಸುತ್ತಿದೆ ಎಂಬುದು. ಅಂದರೆ ದನಿಯ ಏರು. ಸರಾಸರಿ ನನಗೆ ಬೇಡ, ಆ ಗಳಿಗೆಯದೇ ಬೇಕು. ಹೇಳುವುದು ಸುಲಭ, ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಹೊದಿಕೆಯನ್ನು ಹೆಚ್ಚು ನುಣುಪು ಮಾಡಿದರೆ ಮಾತಿನ ತಗ್ಗುಗಳೇ ಮುಚ್ಚಿಹೋಗುತ್ತವೆ. ಕಡಿಮೆ ಮಾಡಿದರೆ ಗೆರೆಯ ನಡುಕ ನಿಲ್ಲುವುದಿಲ್ಲ.

ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಷಮಜ್ವರದಲ್ಲಿ ಕಿವಿ ಹೋದ ಮೇಲೆ ನಿನ್ನ ದನಿ ನಿನ್ನ ಹತೋಟಿಯಲ್ಲಿಲ್ಲ. ನೀನು ಹೊರಗೆ ಮಾತಾಡುವುದನ್ನೇ ಬಿಟ್ಟಿದ್ದೀಯ ಎಂದು ಕೇಳಿದೆ. ಕಿವಿಗೆ ಕೇಳದ್ದನ್ನು ಕಣ್ಣಿಗೆ ತೋರಿಸಿದರೆ ಹೇಗೆ? ಭಾನುವಾರ ಪ್ರಯೋಗಾಲಯ ಖಾಲಿ ಇರುತ್ತದೆ. ನಿಮ್ಮ ಅಬ್ಬಾ ಮಕ್ತುಮ್ ಚಾಚಾನ ಜೊತೆ ಬಾ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಎಲ್ಲರ ದನಿಯ ಹಾಗಿರದ ಒಂದು ದನಿ ನನ್ನ ಕೆಲಸಕ್ಕೆ ಬೇಕು.

ನಿನ್ನ
ಕಮಲ

ಹರಿಹರ
೧೮ ಜುಲೈ ೧೯೬೪

ಕಮಲಕ್ಕನಿಗೆ ಹಜೀರಾಳ ಸಲಾಮು.

ನಿನ್ನ ಕಾಗದ ಓದಿ ಮೊದಲು ಬರಲೇಬಾರದು ಅಂದುಕೊಂಡೆ. ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷ ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ಅರ್ಧ ಮೀಟರ್ ಅಸ್ತರಿನ ಬಟ್ಟೆ ಕೇಳಿದೆ. ಮೆಲ್ಲಗೆ ಕೇಳಿದೆ ಅಂತಲೇ ನನ್ನ ನಂಬಿಕೆ. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಒಬ್ಬ ಹೆಂಗಸು ಮಗುವನ್ನು ಎದೆಗೆ ಅವುಚಿಕೊಂಡಳು. ನಾನು ಕಿರುಚಿದ್ದೆ ಅಂತ ಅವರ ಮುಖ ನೋಡಿ ತಿಳಿಯಿತು. ಅಂದಿನಿಂದ ಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಅಬ್ಬಾ ಅದನ್ನು ನೋಡಿ, "ಚೀಟಿ ಯಾಕವ್ವ, ಅಲ್ಲಾ ಬಾಯಿ ಕೊಟ್ಟಾನಲ್ಲ" ಅಂತಾರೆ. ಅವರ ತುಟಿ ಓದುವುದು ನನಗೆ ಕಷ್ಟವೇ ಇಲ್ಲ. ದಪ್ಪ ಮೀಸೆಯವರ ಮಾತು ಮಾತ್ರ ದೇವರಿಗೇ ಪ್ರೀತಿ.

ಆದರೂ ಬರುತ್ತೇನೆ. ನಮ್ಮ ಓಣಿಯ ಸರ್ವಮಂಗಳಮ್ಮ ಹೆಂಗಸರಿಗೆ ಹೊಲಿಗೆ ವರ್ಗ ನಡೆಸುತ್ತಾರಲ್ಲ, ಅವರ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲ. ದೀಪಾವಳಿಯಿಂದ ವರ್ಗವನ್ನು ನಾನೇ ನಡೆಸಬೇಕು ಎಂದರು. "ಕೈಯಾಗೆ ತೋರಿಸ್ತೀನಿ, ಮಾತಾಡಾದು ಬ್ಯಾಡ" ಅಂದೆ. ಅವರು ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದರು: "ತಪ್ಪಿದಾಗ ಬೈಯೋದಕ್ಕಾದರೂ ಬಾಯಿ ಬೇಕು." ವರ್ಗದ ಸಮಿತಿಯ ಹೆಂಗಸರು ಒಪ್ಪಬೇಕಂತೆ. ಅವರೆದುರಿಗೆ ನಾನು ಒಂದು ಪಾಠ ಮಾಡಿ ತೋರಿಸಬೇಕಂತೆ.

ಅಬ್ಬಾ ಭಾನುವಾರ ಪಾತ್ರೆಗೆ ಕಲಾಯಿ ಹಾಕುವ ಒಲೆ ಹಚ್ಚುವುದಿಲ್ಲ. ನಾವು ಬೆಳಗಿನ ರೈಲಿಗೆ ಬರುತ್ತೇವೆ. ಆದರೆ ಅಕ್ಕ, ನಾನು ಮಾತಾಡುವಾಗ ಅಲ್ಲಿ ನೀನು ಮಾತ್ರ ಇರಬೇಕು. ಹಾಗಂತ ಮಾತು ಕೊಡು.

ಹಜೀರಾ

ಹರಿಹರ
೨೪ ಆಗಸ್ಟ್ ೧೯೬೪

ಕಮಲಕ್ಕ,

ನಿನ್ನೆ ರೈಲಿನಲ್ಲಿ ಏನಾಯಿತು ಕೇಳು. ಕಿಟಕಿಯ ಹತ್ತಿರ ಕೂತಿದ್ದ ಅಬ್ಬಾಗೆ, "ಅಬ್ಬಾ, ನೀರು ಕೊಡಿ" ಅಂದೆ. ಅವರು ತಂಬಿಗೆ ಕೊಡಲಿಲ್ಲ. "ಇನ್ನೊಂದ್ಸಲ ಅನ್ನು" ಅಂದರು. ಅಂದೆ. "ಇನ್ನೊಂದ್ಸಲ." ನನಗೆ ಸಿಟ್ಟು ಬಂತು, ನಿಜವಾಗಿಯೂ ಬಾಯಾರಿತ್ತು. ಆಮೇಲೆ ನೋಡಿದರೆ ಎದುರು ಸೀಟಿನ ದಂಪತಿ ತಮ್ಮ ಪಾಡಿಗೆ ಮಂಡಕ್ಕಿ ತಿನ್ನುತ್ತಿದ್ದರು. ಒಬ್ಬರೂ ತಿರುಗಿ ನೋಡಿರಲಿಲ್ಲ. ಅಬ್ಬಾ ಕೇಳಿದ್ದು ಅದಕ್ಕೇ.

ಮೊದಲ ಭಾನುವಾರ ನನ್ನ ಎರಡು ಗೆರೆಗಳೂ ಜೋಡಿ ಮೇಕೆಗಳ ಹಾಗೆ ಒಟ್ಟಿಗೇ ನೆಗೆಯುತ್ತಿದ್ದವು. ಒತ್ತಿ ಹೇಳಲು ಹೋದರೆ ದನಿ ಕೀರಲು. ಇಳಿಸಲು ಹೋದರೆ ದನಿಯೇ ಇಲ್ಲ. ನೀನು ಪರದೆಯ ಮೇಲೆ ಬೆರಳಿಟ್ಟು, "ಜೋರು ಬ್ಯಾರೆ, ಏರು ಬ್ಯಾರೆ. ಇದನ್ನ ಏರ್ಸು, ಅದನ್ನ ಅಲ್ಲೇ ಇರಿಸು" ಅಂದೆಯಲ್ಲ, ಆ ಮಾತು ಹೊಟ್ಟೆಗೆ ಇಳಿಯಲು ಇಷ್ಟು ವಾರ ಬೇಕಾಯಿತು. ನಿನ್ನೆ ಜೋರು ತೋರಿಸುವ ಮೇಲಿನ ಗೆರೆ ಉಬ್ಬಿತು, ಏರು ತೋರಿಸುವ ಕೆಳಗಿನದು ನೆಟ್ಟಗೆ ಹೋಯಿತು. ನನ್ನ ಗಂಟಲು ನನ್ನ ಮಾತು ಕೇಳಿದ್ದನ್ನು ನಾನೇ ಕಣ್ಣಾರೆ ನೋಡಿದೆ.

ಪ್ರತಿ ಸಲ ಹೋದ ವಾರದ ಟೇಪು ಓಡಿಸಿ ಹಳೆಯ ಗೆರೆ ತೋರಿಸುತ್ತೀಯಲ್ಲ, ಅದನ್ನು ಬಿಡಬೇಡ. ನಾನು ಎಲ್ಲಿದ್ದೆ, ಎಲ್ಲಿಗೆ ಬಂದೆ ಅಂತ ತಿಳಿಯಲು ನನಗೆ ಬೇರೆ ದಾರಿ ಇಲ್ಲ.

ಒಂದು ಕೇಳಬೇಕಿತ್ತು. ನಾನು ಉಸಿರಿಗೆಂದು ನಿಂತಾಗ ಕೆಳಗಿನ ಗೆರೆ ಹುಚ್ಚೆದ್ದು ಮೇಲೆ ಕೆಳಗೆ ಹಾರುತ್ತದೆ. ನಾನು ಆಗ ಏನೂ ಅಂದಿರುವುದಿಲ್ಲ. ಅದು ಯಾಕೆ?

ಸರ್ವಮಂಗಳಮ್ಮನವರಿಗೆ ಈಗಲೇ ಏನೂ ಹೇಳಿಲ್ಲ. ಪಾಠದ ದಿನವೇ ಕೇಳಲಿ.

ಹಜೀರಾ

ದಾವಣಗೆರೆ
೨೮ ಸೆಪ್ಟೆಂಬರ್ ೧೯೬೪

ಪ್ರಿಯ ಹಜೀರಾ,

ಈ ಭಾನುವಾರ ಬರಬೇಡ. ಮುಂದಿನ ಭಾನುವಾರವೂ ಅನುಮಾನ. ಯಂತ್ರದ ಒಂದು ವಾಲ್ವ್ ಹೋಗಿದೆ, ಬೆಂಗಳೂರಿನಿಂದ ಬರಬೇಕು. ನನಗೂ ಸ್ವಲ್ಪ ಜ್ವರ. ಹೊನ್ನತ್ತೆ ನಿಟ್ಟುವಳ್ಳಿಯಿಂದ ಬಂದು ಗಂಜಿ ಮಾಡಿಕೊಡುತ್ತಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ ಬರೆದಿರಲಿಲ್ಲ. ಹೊದಿಕೆಯ ಗೆರೆ ಸೊನ್ನೆಯ ಹತ್ತಿರ ಇಳಿದಾಗ ಅಲ್ಲಿ ಅಳೆಯಲು ದನಿಯೇ ಇರುವುದಿಲ್ಲ. ಆದರೂ ಯಂತ್ರ ಅಳೆಯುವುದನ್ನು ಬಿಡುವುದಿಲ್ಲ, ಸಣ್ಣ ಗದ್ದಲವನ್ನೇ ಹಿಡಿದು ಬಾಯಿಗೆ ಬಂದ ಲೆಕ್ಕ ಕೊಡುತ್ತದೆ. ಅಂಥ ಜಾಗಗಳನ್ನು ನಂಬಬಾರದು, ಬಿಟ್ಟುಬಿಡಬೇಕು ಎಂದು ಮೇಷ್ಟ್ರು ಹೇಳುತ್ತಾರೆ.

ಮೊನ್ನೆ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ಜನ ಚೆನ್ನಾಗಿ ಬಂದಿದ್ದರು. ವಿಶೇಷವೇನೂ ಇಲ್ಲ.

ಚಾಚಾನಿಗೆ ನನ್ನ ನಮಸ್ಕಾರ. ಜರಿಯ ದಾರದ ಒಂದು ಉಂಡೆ ಕಳಿಸಿದ್ದೇನೆ. ನಿನಗೆ ಉಪಯೋಗವಾಗಬಹುದು.

ಕಮಲ

ಹರಿಹರ
೯ ಅಕ್ಟೋಬರ್ ೧೯೬೪

ಕಮಲಕ್ಕ,

ದಾರ ಬಂತು. ಯಾಕೆ ಕಳಿಸಿದೆ ಅಂತ ಆಗ ತಿಳಿಯಲಿಲ್ಲ.

ನಿನ್ನೆ ಸರ್ವಮಂಗಳಮ್ಮ ಮನೆಗೆ ಬಂದಿದ್ದರು. ಕೂತವರೇ ಸ್ಲೇಟು ಕೇಳಿದರು. ಅವರ ಯಜಮಾನರು ನಿಮ್ಮ ಪ್ರದರ್ಶನಕ್ಕೆ ಬಂದಿದ್ದರಂತೆ. ಮೊದಲು ಮೇಷ್ಟ್ರ ದನಿ ಹಾಕಿದರಂತೆ, ಆಮೇಲೆ ಒಬ್ಬಳ ದನಿ. ಜನ ಬಿದ್ದುಬಿದ್ದು ನಕ್ಕರಂತೆ. ಒಬ್ಬ ಅದನ್ನೇ ಅಣಕಿಸಿ ತೋರಿಸಿದನಂತೆ. ಇದೇ ಓಣಿಯಲ್ಲಿ ಇಷ್ಟು ವರ್ಷ ಇದ್ದವರಿಗೆ ಅದು ಯಾರ ದನಿ ಅಂತ ಗೊತ್ತಾಗದೆ ಇರುತ್ತದೆಯೆ? ಮನೆಗೆ ಬಂದು, "ಕಲಾಯಿ ಸಾಬರ ಮಗಳದ್ದು. ಪಾಪ, ಹಂಗೆ ಮಾಡಬಾರದಿತ್ತು" ಅಂದರಂತೆ. ಸುದ್ದಿ ಸಮಿತಿಯ ಹೆಂಗಸರಿಗೂ ಮುಟ್ಟಿದೆ. ಪಾಠ ಸದ್ಯಕ್ಕೆ ಬೇಡ ಅಂದಿದ್ದಾರೆ.

ಜನ ನಕ್ಕದ್ದು ನನಗೆ ಹೊಸದಲ್ಲ. ಅವರು ಇನ್ನೊಂದು ಮಾತು ಬರೆದರು, ಅದನ್ನು ನಾನು ನಂಬಲಿಲ್ಲ. "ಯಾರಮ್ಮ ಇದು?" ಅಂತ ಯಾರೋ ಕೇಳಿದಾಗ, "ಯಾರೋ ಒಬ್ಬ ಕಿವುಡಿ, ಹೆಸರು ಗೊತ್ತಿಲ್ಲ" ಅಂತ ಯಂತ್ರದ ಹತ್ತಿರ ನಿಂತ ಹುಡುಗಿ ಹೇಳಿದಳಂತೆ. ಯಜಮಾನರು ಜನರ ಹಿಂದೆ ನಿಂತಿದ್ದರಿಂದ ಆಕೆಯ ಮುಖ ಕಾಣಲಿಲ್ಲವಂತೆ.

ಆ ಹುಡುಗಿ ಬೇರೆ ಯಾರೋ ಇರಬೇಕು. ಹೌದೋ ಅಲ್ಲವೋ ಅಷ್ಟು ಬರೆ.

ಹಜೀರಾ

ದಾವಣಗೆರೆ
೧೨ ಅಕ್ಟೋಬರ್ ೧೯೬೪

ಹಜೀರಾ,

ಆ ಹುಡುಗಿ ನಾನೇ.

ವಾಲ್ವ್ ಹೋಗಿರಲಿಲ್ಲ. ಜ್ವರವೂ ಇರಲಿಲ್ಲ. ಮುಖ ತೋರಿಸಲಾರದೆ ಹಾಗೆ ಬರೆದೆ.

ಪ್ರದರ್ಶನದ ಬೆಳಿಗ್ಗೆ ಮೇಷ್ಟ್ರು, "ಎರಡು ಗೆರೆ ಹೆಂಗೆ ಬ್ಯಾರೆ ಅಂತ ಜನಕ್ಕೆ ತಿಳೀಬೇಕಂದ್ರೆ ಆ ಹುಡುಗಿ ಟೇಪು ಹಾಕಮ್ಮ, ಒಂದೇ ಏಟಿಗೆ ತಿಳಿತೈತೆ" ಅಂದರು. ಅವರಿಗೆ ನಿನ್ನ ಷರತ್ತು ಗೊತ್ತಿರಲಿಲ್ಲ. ಹೇಳಬೇಕಾದವಳು ನಾನು. ಹೇಳಿದ್ದರೆ ಅವರು ಬಿಟ್ಟುಬಿಡುತ್ತಿದ್ದರು. ಹೇಳಲಿಲ್ಲ. ಹೊಗಳುತ್ತಾರೆ ಎಂಬ ಆಸೆ ಇತ್ತು ನನಗೆ. ಕೊನೆಯ ಟೇಪನ್ನಾದರೂ ಹಾಕಬಹುದಿತ್ತು, ಅದರಲ್ಲಿ ನಿನ್ನ ದನಿ ಎಷ್ಟೋ ಹದಕ್ಕೆ ಬಂದಿತ್ತು. ನಾನು ಹಾಕಿದ್ದು ಮೊದಲನೆಯದು. ಅದರಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತವೆ ಎಂದು.

ಜನ ನಕ್ಕಾಗ ನನ್ನ ಮುಖದ ಮೇಲೂ ಒಂದು ನಗೆ ಇತ್ತು. ಅದು ಹೇಗೆ ಬಂತೋ ಗೊತ್ತಿಲ್ಲ. ಹೆಸರು ಕೇಳಿದವರು ಯಾರೋ ದೊಡ್ಡ ಮನುಷ್ಯರು, ರೇಷ್ಮೆ ಪೇಟ ಸುತ್ತಿದ್ದರು. ಗೆಳತಿ ಎಂದು ಹೇಳಲು ಬಾಯಿ ಬರಲಿಲ್ಲ. ಅಂದಿನಿಂದ ಊಟಕ್ಕೆ ಕೂತಾಗ, ಹುಡುಗರಿಗೆ ಪ್ರಯೋಗ ತೋರಿಸುವಾಗ, ಇದ್ದಕ್ಕಿದ್ದ ಹಾಗೆ ಆ ಮಾತು ಕಿವಿಯಲ್ಲಿ ಕೇಳುತ್ತದೆ, ಮೈಯೆಲ್ಲ ಬಿಸಿಯಾಗುತ್ತದೆ. ಹೊನ್ನತ್ತೆ, "ಯಾಕೆ ಒಬ್ಬಳೇ ಮುಖ ಹಿಂಡ್ಕೊಂತೀಯ?" ಎಂದು ಕೇಳುತ್ತಾರೆ.

ನಾನು ಮಾಡಬಹುದಾದದ್ದು ಒಂದೇ ಇತ್ತು. ನಿನ್ನೆ ಮೈಕು ಮುಚ್ಚಿ, ನಿನ್ನ ಟೇಪುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓಡಿಸಿ ಅಳಿಸಿಹಾಕಿದೆ. ಒಂದನ್ನೂ ಬಿಡಲಿಲ್ಲ. ಇನ್ನು ಯಾರೂ ನಿನ್ನ ದನಿ ಕೇಳಿ ನಗಲಾರರು. ನನ್ನ ಪ್ರಬಂಧದಿಂದ ಆ ಅಧ್ಯಾಯವನ್ನೇ ತೆಗೆಯುತ್ತೇನೆ.

ಕ್ಷಮಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ.

ಕಮಲ

ಹರಿಹರ
೩ ನವೆಂಬರ್ ೧೯೬೪

ಕಮಲಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಅಬ್ಬಾ ಓದಿಸಿಕೊಂಡರು. ಎದ್ದುಹೋಗಿ ತಿದಿ ಒತ್ತತೊಡಗಿದರು. ಒಲೆಯಲ್ಲಿ ಇದ್ದಿಲೇ ಹಾಕಿರಲಿಲ್ಲ.

ನೀನು ಹೆಸರು ಗೊತ್ತಿಲ್ಲ ಅಂದದ್ದಕ್ಕೆ ನೋವಾಯಿತು. ಎರಡು ದಿನ ಅತ್ತೆ. ಆದರೆ ಅದು ನನಗೆ ಅರ್ಥವಾಗುತ್ತದೆ. ಪೇಟೆಯಲ್ಲಿ ನನ್ನ ಜೊತೆ ಹೋಗುವಾಗ ನನ್ನ ಸ್ವಂತ ಚಿಕ್ಕಮ್ಮನೇ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾಳೆ. ನಾಚಿಕೆ ಅಂದರೆ ಏನು ಅಂತ ನನಗೆ ನೀನು ಕಲಿಸಬೇಕಾಗಿಲ್ಲ.

ಅಳಿಸಿದೆಯಲ್ಲ, ಅದು ಅರ್ಥವಾಗುವುದಿಲ್ಲ. ಯಾರನ್ನು ಕೇಳಿ ಅಳಿಸಿದೆ? ಆ ಟೇಪಿನ ಸುರುಳಿ ಕಾಲೇಜಿನದು ಇರಬಹುದು, ಅದರ ಒಳಗಿದ್ದದ್ದು ನನ್ನದು. ಮೊದಲ ವಾರದ ಕಿರುಚಾಟವೂ ನನ್ನದು, ಕೊನೆಯ ವಾರದ ನೆಟ್ಟನೆ ಗೆರೆಯೂ ನನ್ನದು. ಬೇರೆಯವರು ತಾವು ಆಡಿದ್ದನ್ನು ತಾವೇ ಕೇಳಿಕೊಳ್ಳುತ್ತಾರೆ. ನಾನು ಇಷ್ಟು ವರ್ಷಗಳಲ್ಲಿ ನನ್ನ ದನಿಯನ್ನು ಕಂಡದ್ದು ಆ ಪರದೆಯ ಮೇಲೆ ಮಾತ್ರ. ಅದನ್ನು ಒಂದು ಮಧ್ಯಾಹ್ನದಲ್ಲಿ ಇಲ್ಲದ ಹಾಗೆ ಮಾಡಿದೆ. ನನ್ನ ಮಾನ ಉಳಿಸಲು ಅನ್ನುವ ಹಾಗೆ ಬರೆದಿದ್ದೀಯ. ಅಲ್ಲ ಅಕ್ಕ. ಅದು ಇದ್ದರೆ ನಿನಗೆ ಮುಜುಗರ, ಅದಕ್ಕೆ ಅಳಿಸಿದೆ. ಮೊದಲ ಸಲ ಜನರ ಮುಂದೆ ನನ್ನನ್ನು ಇಲ್ಲ ಅಂದೆ. ಎರಡನೇ ಸಲ ಯಾರೂ ಇಲ್ಲದಾಗ ಅದನ್ನೇ ಮಾಡಿದೆ.

ನಾನು ಈ ತಿಂಗಳ ನಾಲ್ಕನೇ ಭಾನುವಾರ ಬರುತ್ತೇನೆ. ಹೊಸ ಟೇಪು ಹಾಕು. ಅಂದು ನಕ್ಕವರಲ್ಲಿ ಸಿಕ್ಕಷ್ಟು ಜನರನ್ನು ಕರೆ, ಮೇಷ್ಟ್ರನ್ನೂ ಕರೆ. ಸಮಿತಿಯವರು ಬೇಡ ಅಂದ ಪಾಠವನ್ನು ಅಲ್ಲೇ ಮಾಡುತ್ತೇನೆ. ನಾನು ಪರದೆ ನೋಡುತ್ತಿರುತ್ತೇನೆ, ಬೆನ್ನ ಹಿಂದೆ ಇರುವವರ ಮುಖ ನನಗೆ ಕಾಣುವುದಿಲ್ಲ. ನೀನು ನೋಡು, ಕೇಳು. ಆಮೇಲೆ ಇದ್ದದ್ದು ಇದ್ದ ಹಾಗೆ ಬರೆದು ಕಳಿಸು. ಬೆಲ್ಲ ಬೆರೆಸಬೇಡ.

ಹಜೀರಾ

ದಾವಣಗೆರೆ
೨೩ ನವೆಂಬರ್ ೧೯೬೪

ಹಜೀರಾ,

ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಬಂದವರು ಹೆಚ್ಚಿರಲಿಲ್ಲ. ಮೇಷ್ಟ್ರು, ನಮ್ಮ ವಿಭಾಗದವರು ಕೆಲವರು, ಎರಡು ಬೆಂಚಿನಷ್ಟು ವಿದ್ಯಾರ್ಥಿಗಳು. ರೇಷ್ಮೆ ಪೇಟದವರು ಬರಲಿಲ್ಲ. ನಾನು ಮೊದಲು ಎದ್ದು ನಿಂತು, "ಇವರು ಹಜೀರಾಬೀ. ನನ್ನ ಗೆಳತಿ, ನಾವು ಹರಿಹರದಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಅವತ್ತು ಹೆಸರು ಗೊತ್ತಿಲ್ಲ ಅಂತ ನಾನು ಸುಳ್ಳು ಹೇಳಿದೆ" ಎಂದೆ. ನೀನು ಆಗ ಪರದೆಯ ಕಡೆ ತಿರುಗಿದ್ದೆ. ನನ್ನ ತುಟಿ ಓದಿರಲಾರೆ. ನನ್ನ ದನಿ ಎಷ್ಟು ನಡುಗಿತೆಂದರೆ ಕೊನೆಯ ಮಾತು ಹಿಂದಿನ ಬೆಂಚಿಗೆ ಕೇಳಲೇ ಇಲ್ಲ. ಮೇಷ್ಟ್ರು, "ಇನ್ನೊಮ್ಮೆ ಹೇಳಮ್ಮ" ಎಂದರು. ಇನ್ನೊಮ್ಮೆ ಹೇಳಿದೆ.

ರವಿಕೆಗೆ ತೋಳು ಕತ್ತರಿಸುವ ಪಾಠ ನೀನು ಶುರುಮಾಡಿದಾಗ ದನಿ ತೀರ ಮೇಲಿತ್ತು, ಜುಲೈನಲ್ಲಿ ಇದ್ದ ಹಾಗೆಯೇ. "ಕಂಕುಳ" ಎನ್ನುವಾಗ ಒಡೆಯಿತು. ಹಿಂದಿನಿಂದ ಒಬ್ಬ ನಕ್ಕ. ಅವನ ಪಕ್ಕದವನೂ ನಕ್ಕ. ಮೇಷ್ಟ್ರು ತಿರುಗಿ ನೋಡಿದರು, ಬೈಯಲಿಲ್ಲ, ತಾವೇ ತಲೆ ತಗ್ಗಿಸಿದರು. ನಾನು ಟೇಪು ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ನೀನು ಗೆರೆ ನೋಡಿ, ಉಸಿರು ತೆಗೆದುಕೊಂಡು, ಅದೇ ವಾಕ್ಯವನ್ನು ಮೊದಲಿನಿಂದ ಹೇಳಿದೆ. ಈ ಸಲ ದನಿ ಇಳಿಯಿತು. ಆಮೇಲೆ ಯಾರೂ ನಗಲಿಲ್ಲ. ಹಾಗೆಂದು ಎಲ್ಲರೂ ಮೆಚ್ಚಿದರು ಎಂದು ತಿಳಿಯಬೇಡ. ಇಬ್ಬರು ನಡುವೆಯೇ ಎದ್ದುಹೋದರು.

ವಾಕ್ಯದ ಕೊನೆಯಲ್ಲಿ ನಿನ್ನ ದನಿ ಈಗಲೂ ಮೇಲಕ್ಕೆ ಹಾರುತ್ತದೆ. ಕೇಳಲು ಹಿತವಲ್ಲ. ಆದರೆ ಆಡಿದ ಒಂದೊಂದು ಮಾತೂ ಅರ್ಥವಾಯಿತು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, "ಬುಗ್ಗೆ ತೋಳಿಗಾದ್ರೆ ಬಟ್ಟೆ ಎಷ್ಟು ಹೆಚ್ಚು ಬಿಡಬೇಕ್ರಿ?" ಎಂದು ಕೇಳಿದಳು. ನಾನು ಸ್ಲೇಟು ಹುಡುಕುತ್ತಿದ್ದೆ. ಪಾಠ ಮುಗಿಸಿ ಇತ್ತ ತಿರುಗಿದ್ದ ನೀನು ಅವಳ ತುಟಿ ಓದಿ ಆಗಲೇ ಉತ್ತರ ಹೇಳಿ ಮುಗಿಸಿದ್ದೆ. ಅವಳು ಅದನ್ನು ಕೈಯ ಮೇಲೆ ಬರೆದುಕೊಂಡಳು.

ಮಕ್ತುಮ್ ಚಾಚಾ ವರಾಂಡದಲ್ಲಿ ಕೂತಿದ್ದರಲ್ಲ, ಅವರಿಗೆ ನಗು ಕೇಳಿಸಿತ್ತು. ನಾನು ಹೊರಗೆ ಬಂದಾಗ, "ನಗಲಿ ಬಿಡಮ್ಮ. ಆಕಿ ನಿಲ್ಲಿಸಲಿಲ್ಲಲ್ಲ" ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ.

ಟೇಪು ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಅದನ್ನು ಯಾರಿಗೆ ಕೇಳಿಸಬೇಕು, ಇಡಬೇಕೋ ಅಳಿಸಬೇಕೋ, ನೀನು ಹೇಳಿದಂತೆ. ಪ್ರಬಂಧದ ಆ ಅಧ್ಯಾಯದ ವಿಷಯವೂ ಹಾಗೆಯೇ.

ಸ್ಟೇಷನ್ನಿಗೆ ಹೊರಟಾಗ ನೀನು ನನ್ನ ಕೈ ಹಿಡಿಯಲಿಲ್ಲ. ನಾನೂ ಚಾಚಲಿಲ್ಲ, ಧೈರ್ಯವಾಗಲಿಲ್ಲ.

ಕಮಲ

ಹರಿಹರ
೨೦ ಡಿಸೆಂಬರ್ ೧೯೬೪

ಕಮಲಕ್ಕನಿಗೆ,

ನಿನ್ನ ಕಾಗದವನ್ನು ಮೂರು ನಾಲ್ಕು ಸಲ ಓದಿದೆ. ಇಬ್ಬರು ಎದ್ದುಹೋದದ್ದನ್ನು ಬರೆದೆಯಲ್ಲ, ಅದನ್ನು ಓದಿದ ಮೇಲೆ ಉಳಿದದ್ದನ್ನೂ ನಂಬಿದೆ.

ಸಮಿತಿಯವರು ವರ್ಗವನ್ನು ಬೇರೆಯವರಿಗೆ ಕೊಟ್ಟರು. ಸರ್ವಮಂಗಳಮ್ಮ ಜಗಳವಾಡಿದರಂತೆ, ಪ್ರಯೋಜನವಾಗಲಿಲ್ಲ. ಅದನ್ನು ಹೇಳಲು ಬಂದವರು ತಮ್ಮ ತಂಗಿಯ ಮಗಳನ್ನೂ ಕರೆತಂದಿದ್ದರು. "ಈಕಿಗೆ ನೀನೇ ಕಲಿಸು, ಇಲ್ಲೇ" ಅಂದರು. ಆಕೆಯ ಹಿಂದೆ ಇನ್ನೂ ಮೂವರು ಬಂದರು. ಅಬ್ಬಾ ಕಲಾಯಿ ಒಲೆಯನ್ನು ಹಿತ್ತಲಿಗೆ ಸಾಗಿಸಿ, ಮುಂದಿನ ಪಡಸಾಲೆ ಸಾರಿಸಿ ಕೊಟ್ಟಿದ್ದಾರೆ. ಮಸಿ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ.

ಮೊದಲ ದಿನ ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನಕ್ಕು ಮುಗಿಸ್ರಿ, ಆಮ್ಯಾಲೆ ಅಳತೆ ತಗಳಾಣ" ಅಂದೆ. ನನಗೂ ಮುಖ ಕೆಂಪಾಗಿತ್ತು. ನಾಚಿಕೆ ಹೋಯಿತು ಅಂತ ಸುಳ್ಳು ಬರೆಯುವುದಿಲ್ಲ. ಪ್ರತಿ ದಿನ ಬೆಳಿಗ್ಗೆ ಬಾಯಿ ತೆರೆಯುವ ಮೊದಲು ಒರೆಸಿದ ಕತ್ತರಿಯನ್ನೇ ಮತ್ತೆ ಒರೆಸುತ್ತೇನೆ. ತೆರೆದ ಮೇಲೆ ಅಳತೆ, ಬಟ್ಟೆ, ತಪ್ಪುಗಳಲ್ಲಿ ನಾಚಿಕೆ ಮರೆತುಹೋಗುತ್ತದೆ.

ಆ ಅಧ್ಯಾಯ ತೆಗೆಯಬೇಡ. ನನ್ನ ಹೆಸರು ಹಾಕಿ ಬರೆ. ಟೇಪು ಇಡು. ಭಾನುವಾರಗಳಂದು ನಾನು ಮತ್ತೆ ಬರುತ್ತೇನೆ, ವಾಕ್ಯದ ಕೊನೆ ಸರಿಮಾಡಬೇಕು. ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋದ ದಿನ ನಾನೇ ಹೇಳುತ್ತೇನೆ, ನೀನು ಕೇಳುತ್ತಾ ಕೂರಬೇಡ.

ಇವತ್ತು ತುಂಡು ತುಂಡಾಗಿ ಬರೆಯುತ್ತಿದ್ದೇನೆ, ನಡುನಡುವೆ ಕಷಾಯ ಕುಡಿಯಬೇಕು. ಬೆಳಗಿನಿಂದ ಆ ನಾಲ್ವರಿಗೂ ಕೊರಳಪಟ್ಟಿ ಹೇಳಿಕೊಟ್ಟು ಹೇಳಿಕೊಟ್ಟು ಗಂಟಲು ಕಟ್ಟಿಹೋಗಿದೆ, ಉಗುಳು ನುಂಗಿದರೂ ನೋವು. ಅಬ್ಬಾ ಶುಂಠಿ ಜಜ್ಜುತ್ತಾ, "ನಾಳೆ ಒಂದಿನ ಸುಮ್ನಿರು ಮಗಳೇ" ಅಂದರು. ಅಂದವರೇ ತಡೆದು ನಿಂತರು. ಈ ಮಾತನ್ನು ಅವರು ನನಗೆ ಹೇಳಿದ್ದು ಇದೇ ಮೊದಲು.

ಹಜೀರಾ